ಪಾಡ್‌ಕಾಸ್ಟ್ | ಗಂಡ, ಹೆಂಡತಿ, ಗುದ್ದಲಿ, 30 ಎಕರೆ: ಆಸ್ಟ್ರೇಲಿಯಾದ ‘ಮೊದಲ ರೈತ’ನ ಪೂರ್ತಿ ಲೆಕ್ಕ

(ಈ ವಾರದ ಎಪಿಸೋಡ್‌ನ ಬರಹ ರೂಪ)

ಮೆಟ್ರೋದಲ್ಲಿ ನಿಂತುಕೊಂಡು ಕೇಳ್ತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ, ಇನ್ನೊಂದು ಇಪ್ಪತ್ತು ನಿಮಿಷ ನನ್ನ ಜೊತೆ ಇರಿ. ಇವತ್ತು ಸ್ವಲ್ಪ ದೂರ ಹೋಗೋಣ, ಆಸ್ಟ್ರೇಲಿಯಾಕ್ಕೆ. ಅದೂ 230 ವರ್ಷ ಹಿಂದಕ್ಕೆ.

ಸಿಡ್ನಿಯಲ್ಲಿ ನಿಮ್ಮ ಅಣ್ಣನೋ, ಅಕ್ಕನೋ, ಕಾಲೇಜಿನ ಫ್ರೆಂಡೋ ಇದ್ದರೆ ‘ಹ್ಯಾರಿಸ್ ಪಾರ್ಕ್’ ಅನ್ನೋ ಹೆಸರು ಕೇಳಿರ್ತೀರಿ. ಸಿಡ್ನಿಯ ಪಶ್ಚಿಮಕ್ಕೆ, ಪ್ಯಾರಮಟ್ಟಾ ಪಕ್ಕದಲ್ಲಿರೋ ಪುಟ್ಟ ಬಡಾವಣೆ. ದೋಸೆ, ಚಾಟ್, ಸ್ವೀಟ್ ಎಲ್ಲ ಅಲ್ಲಿ ಸಿಗುತ್ತೆ. ಜನ ಅದನ್ನ ‘ಲಿಟಲ್ ಇಂಡಿಯಾ’ ಅಂತಲೇ ಕರೀತಾರೆ. 2023ರ ಮೇ ತಿಂಗಳಲ್ಲಿ ಪ್ರಧಾನಿ ಮೋದಿ ಸಿಡ್ನಿಗೆ ಹೋಗಿದ್ದಾಗ ‘ಲಿಟಲ್ ಇಂಡಿಯಾ ಗೇಟ್‌ವೇ’ ಅಂತ ಒಂದು ಶಂಕುಸ್ಥಾಪನೆ ಆಯ್ತಲ್ಲ, ಅದು ಇದೇ ಜಾಗಕ್ಕೆ.

ಈ ಬಡಾವಣೆಯಲ್ಲಿ ‘ರೂಸ್ ಸ್ಟ್ರೀಟ್’ ಅಂತ ಒಂದು ರಸ್ತೆ ಇದೆ. ಅಲ್ಲೊಂದು ಹಳೇ ಮನೆ, ಅದರ ಹೆಸರು ‘ಎಕ್ಸ್‌ಪೆರಿಮೆಂಟ್ ಫಾರ್ಮ್ ಕಾಟೇಜ್’. ಅಲ್ಲಿಂದ ಸ್ವಲ್ಪ ದೂರದ ಕಾರ್ಲಿಂಗ್‌ಫರ್ಡ್‌ನಲ್ಲಿ ‘ಜೇಮ್ಸ್ ರೂಸ್ ಅಗ್ರಿಕಲ್ಚರಲ್ ಹೈಸ್ಕೂಲ್’ ಇದೆ. ರ‍್ಯಾಂಕ್ ವಿಚಾರದಲ್ಲಿ ಆ ದೇಶದಲ್ಲೇ ತುಂಬಾ ಹೆಸರು ಮಾಡಿದ ಸರ್ಕಾರಿ ಶಾಲೆ. ಅದರಲ್ಲಿ ಸೀಟು ಸಿಗಲಿ ಅಂತ ನಮ್ಮ ದೇಶದಿಂದ ಹೋದ ಎಷ್ಟೋ ಅಪ್ಪ-ಅಮ್ಮ ಮಕ್ಕಳನ್ನ ಕೋಚಿಂಗ್‌ಗೆ ಕಳಿಸ್ತಾರೆ.

ಯಾರು ಈ ಜೇಮ್ಸ್ ರೂಸ್? ಪಠ್ಯಪುಸ್ತಕದ ಒಂದು ಸಾಲಿನ ಉತ್ತರ: ಆಸ್ಟ್ರೇಲಿಯಾದ ಮೊದಲ ರೈತ, ಆ ವಸಾಹತಿನಲ್ಲಿ ಸರ್ಕಾರದಿಂದ ಭೂಮಿಯ ಹಕ್ಕು ಪಡೆದ ಮೊದಲ ಮನುಷ್ಯ.

ನಂದು ಬಿ.ಕಾಂ. ತಲೆ. ಒಂದೇ ಎಂಟ್ರಿ ಇರೋ ಖಾತೆ ನೋಡಿದ ತಕ್ಷಣ ಇನ್ನೊಂದು ಕಡೆಯ ಎಂಟ್ರಿ ಎಲ್ಲಿ ಅಂತ ಹುಡುಕೋ ಅಭ್ಯಾಸ. ಈ ‘ಮೊದಲ ರೈತ’ನ ಖಾತೆಯಲ್ಲಿ ಬರೆಯದೇ ಬಿಟ್ಟ ಎಂಟ್ರಿಗಳು ಎರಡಿವೆ. ಒಂದು, ಅವನ ಹೆಂಡತಿ ಎಲಿಜಬೆತ್. ಇನ್ನೊಂದು, ಆ ಭೂಮಿಯಲ್ಲಿ ಅವರಿಗಿಂತ ಮುಂಚೆ ಇದ್ದ ಜನ. ಇವತ್ತು ಪೂರ್ತಿ ಲೆಕ್ಕ ಬರೆಯೋಣ.

ಎರಡು ಗಡಿಯಾರ, ಏಳು ವರ್ಷ

ಜೇಮ್ಸ್ ಹುಟ್ಟಿದ್ದು ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ. ಲಾನ್ಸೆಸ್ಟನ್ ಪಟ್ಟಣದ ಹತ್ತಿರ ಹೊಲದ ಕೆಲಸ ಮಾಡ್ತಾ ಬೆಳೆದವನು. 1782ರ ಜುಲೈನಲ್ಲಿ ಬಾಡ್ಮಿನ್ ಊರಿನ ಕೋರ್ಟಿನಲ್ಲಿ ಅವನ ಮೇಲೆ ಮನೆಗಳ್ಳತನದ ಕೇಸು ಸಾಬೀತಾಯ್ತು. ಕದ್ದಿದ್ದರಲ್ಲಿ ಮುಖ್ಯವಾದದ್ದು ಎರಡು ಬೆಳ್ಳಿ ಗಡಿಯಾರ. ಆ ಕಾಲದ ಇಂಗ್ಲೆಂಡಿನಲ್ಲಿ ಇಷ್ಟಕ್ಕೇ ನೇಣು ಹಾಕಬಹುದಿತ್ತು. ಇವನ ಶಿಕ್ಷೆ ಏಳು ವರ್ಷ ಗಡೀಪಾರಿಗೆ ಇಳಿಯಿತು.

ಆದರೆ ಗಡೀಪಾರು ಮಾಡೋದು ಎಲ್ಲಿಗೆ? ಅಲ್ಲೀವರೆಗೆ ಬ್ರಿಟನ್ ತನ್ನ ಕೈದಿಗಳನ್ನ ಅಮೆರಿಕಕ್ಕೆ ಸಾಗಿಸ್ತಿತ್ತು. ಅಮೆರಿಕನ್ನರು ತಿರುಗಿ ಬಿದ್ದ ಮೇಲೆ ಆ ದಾರಿ ಮುಚ್ಚಿಹೋಯ್ತು. ಜೈಲುಗಳು ತುಂಬಿ ತುಳುಕಿದವು. ಕಡಲಿಗೆ ಇಳಿಯೋಕೆ ಲಾಯಕ್ಕಿಲ್ಲದ ಹಳೇ ಹಡಗುಗಳನ್ನೇ ದಡದಲ್ಲಿ ಕಟ್ಟಿಹಾಕಿ ಜೈಲು ಮಾಡಿದರು. ಪ್ಲಿಮತ್ ಬಂದರಿನ ‘ಡಂಕರ್ಕ್’ ಅನ್ನೋ ಅಂಥದ್ದೇ ಒಂದು ಹಡಗಿನಲ್ಲಿ ಜೇಮ್ಸ್ ಸುಮಾರು ಐದು ವರ್ಷ ಕಳೆದ. ಆಮೇಲೆ ‘ಸ್ಕಾರ್ಬರೋ’ ಹಡಗು ಹತ್ತಿಸಿದರು. ಅದು ಇತಿಹಾಸದಲ್ಲಿ ‘ಫಸ್ಟ್ ಫ್ಲೀಟ್’ ಅಂತ ಕರೆಯೋ ಹನ್ನೊಂದು ಹಡಗುಗಳ ಗುಂಪಿನಲ್ಲಿ ಒಂದು. 1788ರ ಜನವರಿ 26ಕ್ಕೆ ಈ ಗುಂಪು ಈಗಿನ ಸಿಡ್ನಿ ಇರೋ ಜಾಗದಲ್ಲಿ ಲಂಗರು ಹಾಕಿತು. ಕೈದಿಗಳು, ಕಾವಲಿನ ಸೈನಿಕರು, ಅಧಿಕಾರಿಗಳು ಎಲ್ಲ ಸೇರಿ ಸಾವಿರಕ್ಕೂ ಹೆಚ್ಚು ಜನ.

ಸಾವಿರ ಹೊಟ್ಟೆ, ಒಂದು ಉಗ್ರಾಣ

ಹಡಗಿನಿಂದ ಇಳಿದರು ಸರಿ, ತಿನ್ನೋದು ಏನು? ಇವರ ಪ್ಲಾನ್ ಪ್ರಕಾರ ತಂದ ದವಸ ಮುಗಿಯೋ ಹೊತ್ತಿಗೆ ಅಲ್ಲೇ ಬೆಳೆದುಕೊಳ್ಳಬೇಕಿತ್ತು. ಆದರೆ ಸಿಡ್ನಿಯ ದಡದ ಮಣ್ಣು ಮರಳುಮಣ್ಣು. ತಂದ ಬಿತ್ತನೆ ಬೀಜದಲ್ಲಿ ಬಹಳಷ್ಟು ಹಡಗಿನ ಸೆಕೆಗೆ ಹಾಳಾಗಿತ್ತು. ಉಳುಮೆ ಮಾಡೋಕೆ ಗುದ್ದಲಿ ಸಲಿಕೆಯೇ ಗತಿ. ಕೈದಿಗಳಲ್ಲಿ ಬೇಸಾಯ ಗೊತ್ತಿದ್ದವರು ಬೆರಳೆಣಿಕೆ. ಇನ್ನು ಮರಗಳು! ನಮ್ಮಲ್ಲಿ ನೀಲಗಿರಿ ಮರ ಅಂತೀವಲ್ಲ, ಅದರ ತವರೇ ಆ ಖಂಡ. ಒಂದೊಂದು ಮರ ಉರುಳಿಸಿ ಬೇರು ಕೀಳೋಷ್ಟರಲ್ಲಿ ಕೊಡಲಿ ಮೊಂಡಾಗ್ತಿತ್ತು.

ದನಗಳ ಕಥೆ ಕೇಳಿ. ಬರೋ ದಾರಿಯಲ್ಲಿ ಆಫ್ರಿಕಾದ ಕೇಪ್‌ನಲ್ಲಿ ಕೊಂಡ ಎರಡು ಹೋರಿ, ನಾಲ್ಕೈದು ಹಸು ಇದ್ದವು. ಬಂದ ವರ್ಷವೇ ಕಾಯೋರ ಕಣ್ಣು ತಪ್ಪಿಸಿ ಕಾಡಿಗೆ ಹೋದವು. ಗೊಬ್ಬರಕ್ಕೆ ದನವಿಲ್ಲ, ಹಾಲಿಗೂ ಇಲ್ಲ.

1789ರ ಕೊನೆಗೆ ಇಂಗ್ಲೆಂಡಿನಿಂದ ದವಸ ತರ್ತಿದ್ದ ‘ಗಾರ್ಡಿಯನ್’ ಹಡಗು ಮಂಜುಗಡ್ಡೆಗೆ ಗುದ್ದಿ ಕೆಟ್ಟುಹೋಯ್ತು. 1790ರ ಮಾರ್ಚ್‌ನಲ್ಲಿ ವಸಾಹತಿನ ದೊಡ್ಡ ಹಡಗು ‘ಸಿರಿಯಸ್’ ನಾರ್ಫೋಕ್ ದ್ವೀಪದ ಬಂಡೆಗೆ ಬಡಿದು ಒಡೆಯಿತು. ಏಪ್ರಿಲ್‌ನಲ್ಲಿ ರೇಷನ್ ಕಡಿತ. ಒಬ್ಬ ದೊಡ್ಡವನಿಗೆ ವಾರಕ್ಕೆ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಹಿಟ್ಟು, ಒಂದು ಕಿಲೋಗಿಂತ ಕಮ್ಮಿ ಅಕ್ಕಿ, ಅಷ್ಟೇ ಉಪ್ಪು ಹಾಕಿದ ಹಂದಿಮಾಂಸ. ಮಾಂಸ ವರ್ಷಗಟ್ಟಲೆ ಹಳೇದು. ಅಕ್ಕಿಯಲ್ಲಿ ಹುಳ. ಗವರ್ನರ್ ಆರ್ಥರ್ ಫಿಲಿಪ್ ಮನೆಗೆ ಊಟಕ್ಕೆ ಕರೆದರೂ ಅತಿಥಿಗಳು ತಮ್ಮ ಪಾಲಿನ ಬ್ರೆಡ್ಡನ್ನ ತಾವೇ ತಗೊಂಡು ಹೋಗಬೇಕಿತ್ತು.

ಗವರ್ನರ್ ಆಡಿದ ಜೂಜು

ಈ ಹಸಿವಿನ ಮಧ್ಯೆ 1789ರ ಜುಲೈನಲ್ಲಿ ಜೇಮ್ಸ್ ಬಂದು, ‘ನನ್ನ ಏಳು ವರ್ಷ ಮುಗೀತು, ನಾನು ಬೇಸಾಯದವನು, ನನಗೆ ಜಮೀನು ಕೊಡಿ’ ಅಂದ. ಅವನ ಮಾತು ನಿಜವೋ ಸುಳ್ಳೋ ನೋಡೋಕೆ ಗವರ್ನರ್ ಹತ್ತಿರ ಕಾಗದ ಇರಲಿಲ್ಲ. ಯಾರಿಗೆ ಯಾವತ್ತು ಶಿಕ್ಷೆ ಮುಗಿಯುತ್ತೆ ಅನ್ನೋ ದಾಖಲೆಗಳೆಲ್ಲ ಇಂಗ್ಲೆಂಡಿನಲ್ಲೇ ಉಳಿದಿದ್ದವು.

ಫಿಲಿಪ್‌ಗೆ ರೈತರು ಬೇಕಿತ್ತು. ಮೈಮುರಿದು ದುಡಿಯೋ ಒಬ್ಬ ಮನುಷ್ಯ ಈ ಮಣ್ಣಿನಲ್ಲಿ ತನ್ನ ಊಟ ತಾನು ಬೆಳೆದುಕೊಳ್ಳೋಕೆ ಎಷ್ಟು ಸಮಯ ಬೇಕು? ಇದು ಅವನಿಗಿದ್ದ ಪ್ರಶ್ನೆ. ಅದಕ್ಕೇ ಆ ಹೊಲಕ್ಕೆ ‘ಎಕ್ಸ್‌ಪೆರಿಮೆಂಟ್ ಫಾರ್ಮ್’ ಅಂತ ಹೆಸರು ಬಂತು. 1789ರ ನವೆಂಬರ್‌ನಲ್ಲಿ, ಸಿಡ್ನಿಯಿಂದ ಇಪ್ಪತ್ತು ಕಿಲೋಮೀಟರ್ ಮೇಲೆ ಒಳಗಿದ್ದ ರೋಸ್ ಹಿಲ್ ಹತ್ತಿರ ಜಾಗ ತೋರಿಸಿದರು. ರೋಸ್ ಹಿಲ್ ಅಂದರೆ ಆಮೇಲೆ ಪ್ಯಾರಮಟ್ಟಾ ಆದ ಊರು. ಒಂದೂವರೆ ಎಕರೆ ಮರ ಕಡಿದುಕೊಟ್ಟರು. ಒಂದು ಗುಡಿಸಲು, ಗುದ್ದಲಿ-ಕೊಡಲಿ, ಬಿತ್ತನೆ ಬೀಜ, ಎರಡು ಹೆಣ್ಣು ಹಂದಿ, ಆರು ಕೋಳಿ. ಬೆಳೆ ಕೈಗೆ ಬರೋವರೆಗೆ ಉಗ್ರಾಣದಿಂದ ರೇಷನ್.

ಹಕ್ಕುಪತ್ರ ಮಾತ್ರ ಕೊಡಲಿಲ್ಲ. ಮೊದಲು ಬೆಳೆದು ತೋರಿಸು, ನಿನ್ನ ಶಿಕ್ಷೆ ಮುಗಿದಿದ್ದು ಖಾತ್ರಿ ಆಗಲಿ, ಆಮೇಲೆ ನೋಡೋಣ ಅನ್ನೋ ಷರತ್ತು. ಸಾಗುವಳಿ ಚೀಟಿಗಾಗಿ ತಾಲ್ಲೂಕು ಕಚೇರಿಗೆ ಅಲೆದ ಮನೆಯವರಿಗೆ ಈ ಷರತ್ತಿನ ತೂಕ ಗೊತ್ತಾಗುತ್ತೆ.

‘ಲಾಭವಿಲ್ಲದ ಸರಕು’

ಈಗ ಎಲಿಜಬೆತ್ ಕಡೆಗೆ ಬರೋಣ.

1790ರ ಜೂನ್ 3. ತಿಂಗಳುಗಟ್ಟಲೆ ಸಮುದ್ರದ ಕಡೆ ಕಣ್ಣು ನೆಟ್ಟಿದ್ದ ಜನಕ್ಕೆ ಕೊನೆಗೂ ಒಂದು ಹಡಗು ಕಾಣಿಸ್ತು. ‘ಲೇಡಿ ಜೂಲಿಯಾನಾ’. ಎಲ್ಲರ ತಲೆಯಲ್ಲೂ ಒಂದೇ ಯೋಚನೆ: ಊಟ ಬಂತು. ಹಡಗಿನಲ್ಲಿ ಇದ್ದಿದ್ದು ಇನ್ನೂರಕ್ಕೂ ಹೆಚ್ಚು ಹೆಣ್ಣು ಕೈದಿಗಳು. ಪ್ಲಿಮತ್ ಬಿಟ್ಟು ಹತ್ತು ತಿಂಗಳಾದ ಮೇಲೆ ಬಂದು ತಲುಪಿದವರು.

ವಸಾಹತಿನ ನ್ಯಾಯಾಡಳಿತ ನೋಡ್ತಿದ್ದ ಅಧಿಕಾರಿ ಡೇವಿಡ್ ಕಾಲಿನ್ಸ್ ತನ್ನ ಪುಸ್ತಕದಲ್ಲಿ ಈ ದಿನದ ಬಗ್ಗೆ ಬೇಜಾರು ತೋಡಿಕೊಂಡಿದ್ದಾನೆ. ಇಂಥ ಕಷ್ಟಕಾಲದಲ್ಲಿ ದವಸದ ಬದಲು 222 ಹೆಂಗಸರು ಬಂದರಲ್ಲ, ಇದು ಬೇಡದ, ಲಾಭವಿಲ್ಲದ ಸರಕು ಅನ್ನೋದು ಅವನ ಮಾತಿನ ಸಾರ. ಹಡಗಿನ ಬಿಲ್ ನೋಡಿ ಐಟಂ ಲೆಕ್ಕ ಹಾಕೋ ಧಾಟಿ ಅದು. ಒಂದು ಕಾಲಂನಲ್ಲಿ ಹಿಟ್ಟು, ಇನ್ನೊಂದರಲ್ಲಿ ಹೆಂಗಸರು. ಹಿಟ್ಟು ಆಸ್ತಿ, ಹೆಂಗಸರು ಖರ್ಚು.

ಆ 222ರಲ್ಲಿ ಒಬ್ಬಳು ಎಲಿಜಬೆತ್ ಪೆರಿ. ಬಂದ ಮೂರು ತಿಂಗಳಿಗೆ, 1790ರ ಸೆಪ್ಟೆಂಬರ್ 5ರಂದು, ಅವಳ ಮದುವೆ ಜೇಮ್ಸ್ ರೂಸ್ ಜೊತೆ ಆಯ್ತು. ಎಕ್ಸ್‌ಪೆರಿಮೆಂಟ್ ಫಾರ್ಮ್‌ನ ಗುಡಿಸಲಲ್ಲಿ ಈಗ ಇಬ್ಬರು.

ದಿನಕ್ಕೆ ಎರಡು ಸೈಟು

1790ರ ನವೆಂಬರ್‌ನಲ್ಲಿ ವಾಟ್ಕಿನ್ ಟೆಂಚ್ ಅನ್ನೋ ಸೈನ್ಯಾಧಿಕಾರಿ ಹೊಲ ನೋಡೋಕೆ ಬಂದ. ಟೆಂಚ್ ಒಳ್ಳೆ ಬರಹಗಾರ, ಎದುರಿನವರ ಮಾತು ಕೇಳಿಸಿಕೊಳ್ಳೋ ತಾಳ್ಮೆ ಇತ್ತು. ಜೇಮ್ಸ್ ಹೇಳಿದ್ದನ್ನ ಹಾಗೇ ಬರೆದುಕೊಂಡ. ಹೀಗಾಗಿ ಈ ಹೊಲದಲ್ಲಿ ದಿನ ಹೇಗೆ ನಡೀತಿತ್ತು ಅಂತ ನಮಗೆ ಇವತ್ತೂ ಗೊತ್ತಾಗುತ್ತೆ.

ಆಗ ಹೊಲದಲ್ಲಿ ಇದ್ದಿದ್ದು ಒಂದೂವರೆ ಎಕರೆ ಗೋಧಿ, ಅರ್ಧ ಎಕರೆ ಮುಸುಕಿನ ಜೋಳ, ಸಣ್ಣದೊಂದು ಕೈತೋಟ. ನೆಲ ಸಿದ್ಧ ಮಾಡಿದ ರೀತಿ ಹೀಗೆ. ಮೊದಲು ಕಡಿದ ಮರವನ್ನ ಅಲ್ಲೇ ಸುಟ್ಟು ಬೂದಿಯನ್ನ ಮಣ್ಣಿಗೆ ಸೇರಿಸೋದು. ನಮ್ಮ ಮಲೆನಾಡಿನ ಕುಮರಿ ಬೇಸಾಯದ ಬಗ್ಗೆ ಕೇಳಿದವರಿಗೆ ಇದು ಹೊಸದಲ್ಲ. ಆಮೇಲೆ ಗುದ್ದಲಿಯಿಂದ ಅಗೆಯೋದು. ದಿನಕ್ಕೆ ಎಂಟು, ಹೆಚ್ಚೆಂದರೆ ಒಂಬತ್ತು ‘ರಾಡ್’ ಜಾಗ. ರಾಡ್ ಅಂದರೆ ಆ ಕಾಲದ ಅಳತೆ. ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 2,200ರಿಂದ 2,400 ಚದರ ಅಡಿ ಆಗುತ್ತೆ. ಅಂದರೆ ಬೆಂಗಳೂರಿನ ಲೆಕ್ಕದಲ್ಲಿ ಎರಡು 30-40 ಸೈಟು! ಒಂದು ಎಕರೆ ಅಗೆಯೋಕೆ ಹದಿನೆಂಟರಿಂದ ಇಪ್ಪತ್ತು ದಿನ. ಸರ್ಕಾರಿ ಹೊಲದಲ್ಲಿ ಮೇಲೆ ಮೇಲೆ ಕೆರೆದು ಬಿಡ್ತಾರೆ, ನಾನು ಹಾಗೆ ಮಾಡಲ್ಲ ಅಂತ ಜೇಮ್ಸ್ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ.

ಅಷ್ಟಕ್ಕೇ ಮುಗೀಲಿಲ್ಲ. ಹೆಂಟೆ ಒಡೆದು, ಹುಲ್ಲು-ಕಳೆಯನ್ನ ಒಳಗೆ ಹೂತು, ಮಣ್ಣು ಗಾಳಿ ಬಿಸಿಲಿಗೆ ಮಾಗೋಕೆ ಬಿಡೋದು. ಬಿತ್ತೋ ಮುಂಚೆ ಇನ್ನೊಂದು ಸಲ ಪೂರ್ತಿ ತಿರುವಿ ಹಾಕೋದು. ಕೊಯ್ಲಾದ ಮೇಲೆ ಮತ್ತೆ ಅಗೆದು, ಹದ ಮಾಡಿ, ಟರ್ನಿಪ್ ಗಡ್ಡೆ ಬಿತ್ತಿ ಮುಂದಿನ ವರ್ಷಕ್ಕೆ ಮಣ್ಣು ಮೆತ್ತಗೆ ಮಾಡಿಕೊಳ್ಳೋದು. ಒಣಹುಲ್ಲು, ಕೊಳೆಯೋ ಅಂಥದ್ದು ಏನು ಸಿಕ್ಕರೂ ಗುಂಡಿಗೆ ಹಾಕಿ ಗೊಬ್ಬರ ಮಾಡೋದು. ನಮ್ಮ ತಿಪ್ಪೆಗುಂಡಿ ಇದ್ದ ಹಾಗೆ.

ಮಣ್ಣಿನ ಬಗ್ಗೆ ಅವನ ಅಂದಾಜು ಪಕ್ಕಾ ಇತ್ತು. ಇದು ಮಧ್ಯಮ ಮಣ್ಣು, ಒಳ್ಳೇದೂ ಅಲ್ಲ ಕೆಟ್ಟದ್ದೂ ಅಲ್ಲ. ಗೊಬ್ಬರ ಹಾಕಿದರೆ ನಡೆಸ್ತೀನಿ, ದನವಿಲ್ಲದಿದ್ದರೆ ಇದು ಸೋಲುತ್ತೆ ಅಂದ. ಕಳ್ಳರ ಕಾಟದ ಬಗ್ಗೆಯೂ ದೂರಿದ. ಎಷ್ಟು ಕಾವಲು ಕಾದರೂ ಹೆಚ್ಚುಕಮ್ಮಿ ಪ್ರತಿ ರಾತ್ರಿ ಹಸಿದ ಕೈದಿಗಳು ಬಂದು ಬೆಳೆ ಕದೀತಿದ್ದರು. ಗಡಿಯಾರ ಕದ್ದು ಗಡೀಪಾರಾದವನು ಈಗ ಜೋಳಕ್ಕೆ ಕಾವಲು ಕೂತಿದ್ದ.

ಟೆಂಚ್ ಬರೆದಿದ್ದರಲ್ಲಿ ಇನ್ನೊಂದು ಮಾತು ಇದೆ, ಗಮನ ಕೊಡಿ. ಗವರ್ನರ್ ಸ್ವಲ್ಪ ಕಾಲ ಒಬ್ಬ ಕೈದಿಯನ್ನ ಸಹಾಯಕ್ಕೆ ಕೊಟ್ಟಿದ್ದ, ಈಗ ವಾಪಸ್ ಕರೆಸಿಕೊಂಡಿದ್ದಾನೆ. ಈಗ ನನಗೆ ಸಹಾಯಕ್ಕೆ ಇರೋದು ಹೆಂಡತಿ ಮಾತ್ರ, ಅವಳು ಚೆನ್ನಾಗಿ ದುಡೀತಾಳೆ ಅಂದ ಜೇಮ್ಸ್. ಅಂದರೆ ಈಗ ವಿವರಿಸಿದ ಅಗೆಯೋ ಕೆಲಸ, ಹೆಂಟೆ ಒಡೆಯೋದು, ಕಳೆ ಹೂಳೋದು, ಗುಂಡಿ ತುಂಬೋದು ಎಲ್ಲ ಇಬ್ಬರ ಮೈಮೇಲೆ. ಟೆಂಚ್ ಗಂಡನ ಬೇಸಾಯದ ಪದ್ಧತಿಯನ್ನ ಪುಟಗಟ್ಟಲೆ ಬರೆದುಕೊಂಡ. ಹೆಂಡತಿಗೆ ಸಿಕ್ಕಿದ್ದು ‘ದುಡಿಯೋಳು’ ಅನ್ನೋ ಒಂದು ಪದ.

ರೇಷನ್ ಕಾರ್ಡಿನಿಂದ ಹೆಸರು ತೆಗೆಸಿದ ದಿನ

1791ರ ಫೆಬ್ರವರಿ ಹೊತ್ತಿಗೆ ಜೇಮ್ಸ್ ತನಗೆ ಇನ್ನು ಉಗ್ರಾಣದ ಊಟ ಬೇಡ ಅಂತ ಹೇಳಿದ. ರೇಷನ್‌ಗಾಗಿ ಸಾಯ್ತಿರೋ ಊರಲ್ಲಿ ಒಬ್ಬ ರೈತ ರೇಷನ್ ಬೇಡ ಅಂದಿದ್ದು ಎಷ್ಟು ದೊಡ್ಡ ಸುದ್ದಿ ಅಂತ ಯೋಚಿಸಿ. ಏಪ್ರಿಲ್‌ನಲ್ಲಿ ಫಿಲಿಪ್ ತನ್ನ ಮಾತು ಉಳಿಸಿಕೊಂಡ. 30 ಎಕರೆಗೆ ಜೇಮ್ಸ್ ಹೆಸರಿನಲ್ಲಿ ಹಕ್ಕು ಬಂತು. ನ್ಯೂ ಸೌತ್ ವೇಲ್ಸ್ ವಸಾಹತಿನ ಮೊದಲ ಭೂಮಂಜೂರಾತಿ ಅದು.

ಅದೇ ವರ್ಷ ಡಿಸೆಂಬರ್‌ನಲ್ಲಿ ಟೆಂಚ್ ಮತ್ತೆ ಬಂದ. ಈಗ ಗುಡಿಸಲ ಜಾಗದಲ್ಲಿ ಗವರ್ನರ್ ಕಟ್ಟಿಸಿಕೊಟ್ಟ ಇಟ್ಟಿಗೆ ಮನೆ. ಸಾಗುವಳಿ ಹನ್ನೊಂದೂವರೆ ಎಕರೆಗೆ ಏರಿತ್ತು. ಎರಡು ಹಂದಿ ನಾಲ್ಕಾಗಿದ್ದವು, ಆರು ಕೋಳಿ ಮೂವತ್ತಾಗಿದ್ದವು. ಇನ್ನೂ ಕೆಲವು ಎಕರೆಯನ್ನ ಬೇರೆ ಕೈದಿಗಳು ತಮ್ಮ ಬಿಡುವಿನ ಹೊತ್ತಿನಲ್ಲಿ ಕಡಿದು ಕೊಟ್ಟಿದ್ದರು. ಕೂಲಿಯ ಬದಲು ಮೊದಲ ವರ್ಷದ ಬೆಳೆ ಅವರಿಗೆ. ಗೋಧಿ ಅಷ್ಟು ಗಿಟ್ಟಲ್ಲ, ಇನ್ನು ಹೆಚ್ಚಾಗಿ ಜೋಳವೇ ಅಂತ ಜೇಮ್ಸ್ ತೀರ್ಮಾನಿಸಿದ್ದ. ದ್ರಾಕ್ಷಿ, ತಂಬಾಕಿನ ಮಾತು ಬಂದಾಗ, ಗೊತ್ತಿರೋ ದಾರಿ ಬಿಟ್ಟು ಗೊತ್ತಿಲ್ಲದ್ದಕ್ಕೆ ಕೈ ಹಾಕಲ್ಲ ಅಂದ.

ಟೆಂಚ್ ಇನ್ನೊಂದು ವಿಷಯ ಬರೆದಿದ್ದಾನೆ. ಆ ಕ್ರಿಸ್‌ಮಸ್‌ಗೆ ಎಲಿಜಬೆತ್ ಹೆಸರನ್ನೂ ಉಗ್ರಾಣದ ಪಟ್ಟಿಯಿಂದ ತೆಗೆಯೋದು ಅಂತ ನಿಗದಿಯಾಗಿತ್ತು. ಹದಿನೆಂಟು ತಿಂಗಳ ಹಿಂದೆ ‘ಲಾಭವಿಲ್ಲದ ಸರಕು’ ಅನ್ನಿಸಿಕೊಂಡು ಹಡಗಿಳಿದವಳು ಅವಳು. ಈಗ ಸರ್ಕಾರದ ಖರ್ಚಿನ ಪಟ್ಟಿಯಿಂದಲೇ ಹೊರಗೆ ಬರ್ತಿದ್ದಳು, ತಾನು ಅಗೆದ ಹೊಲದ ಜೋಳ ತಿಂದು. ಕಾಲಿನ್ಸ್ ಬರೆದ ಎಂಟ್ರಿ ತಪ್ಪು ಅಂತ ತೋರಿಸೋಕೆ ಇದಕ್ಕಿಂತ ಒಳ್ಳೆ ವೋಚರ್ ಬೇಕಾ?

ಇಲ್ಲೊಂದು ಮಜಾ ವಿಷಯ. ಮುಂದಿನ ವರ್ಷ, 1792ರ ಜೂನ್‌ನಲ್ಲಿ, ‘ಅಟ್ಲಾಂಟಿಕ್’ ಹಡಗು ಕಲ್ಕತ್ತಾದಿಂದ ಸಿಡ್ನಿಗೆ ದವಸ ತಂತು. ಅಕ್ಕಿ, ಸೂಜಿ, ದಾಲ್. ಸೂಜಿ ಅಂದರೆ ನಮ್ಮ ರವೆ, ದಾಲ್ ಅಂದರೆ ಬೇಳೆ. ಹೌದು, ಹಿಂದಿ ಹೆಸರಿನಲ್ಲೇ ಇಂಗ್ಲಿಷ್ ದಾಖಲೆಗೆ ಇಳಿದಿವೆ. ಹ್ಯಾರಿಸ್ ಪಾರ್ಕ್‌ನಲ್ಲಿ ಇವತ್ತು ಸಿಗೋ ರವೆ-ಬೇಳೆ ಆ ಊರಿಗೆ ಬಂದು ಇನ್ನೂರು ವರ್ಷದ ಮೇಲಾಯ್ತು!

ಮೊದಲ ಮಾಲೀಕ, ಮೊದಲ ಮಾರಾಟ

ಇಲ್ಲಿಗೇ ಕಥೆ ನಿಲ್ಲಿಸಿದರೆ ಒಳ್ಳೇ ಮೋಟಿವೇಷನ್ ರೀಲ್ ಆಗುತ್ತೆ. ಆದರೆ 1793ರ ಅಕ್ಟೋಬರ್‌ನಲ್ಲಿ, ಹಕ್ಕು ಬಂದ ಎರಡೂವರೆ ವರ್ಷಕ್ಕೆ, ಜೇಮ್ಸ್ ಆ 30 ಎಕರೆಯನ್ನ ಮಾರಿಬಿಟ್ಟ. ಬೆಲೆ 40 ಪೌಂಡ್. ಕೊಂಡವನು ಸೈನ್ಯದ ಡಾಕ್ಟರ್ ಜಾನ್ ಹ್ಯಾರಿಸ್. ಹ್ಯಾರಿಸ್ ಪಾರ್ಕ್‌ಗೆ ಹೆಸರು ಬಂದಿದ್ದು ಈತನಿಂದಲೇ. ರೂಸ್ ಸ್ಟ್ರೀಟಿನ ಹಳೇ ಮನೆ ಕೂಡ ಹ್ಯಾರಿಸ್ ಕಟ್ಟಿಸಿದ್ದು, ರೂಸ್ ದಂಪತಿಯದಲ್ಲ. ರಸ್ತೆಗೆ ರೈತನ ಹೆಸರು, ಊರಿಗೆ ಕೊಂಡವನ ಹೆಸರು.

ಯಾಕೆ ಮಾರಿದ? ಮೂರು ವರ್ಷ ಮುಂಚೆ ಅವನೇ ಟೆಂಚ್‌ಗೆ ಹೇಳಿದ್ದನ್ನ ನೆನಪಿಸಿಕೊಳ್ಳಿ. ದನವಿಲ್ಲದಿದ್ದರೆ ಈ ಮಣ್ಣು ಸೋಲುತ್ತೆ. ಗೊಬ್ಬರವಿಲ್ಲದೆ ವರ್ಷ ವರ್ಷ ಜೋಳ ಬೆಳೆದರೆ ಮಧ್ಯಮ ಮಣ್ಣು ಎಷ್ಟು ದಿನ ತಡೆದೀತು? ಸಂಬಳ, ಬಂಡವಾಳ ಎರಡೂ ಇದ್ದ ಅಧಿಕಾರಿಗಳು ಸಣ್ಣ ರೈತರ ಜಮೀನನ್ನ ಒಂದೊಂದಾಗಿ ಕೊಂಡು ದೊಡ್ಡ ಎಸ್ಟೇಟ್ ಮಾಡಿಕೊಂಡರು.

ತಪ್ಪಿಸಿಕೊಂಡು ಹೋದ ದನಗಳು ಏನಾದವು ಗೊತ್ತಾ? 1795ರಲ್ಲಿ ಸಿಡ್ನಿಯ ನೈಋತ್ಯಕ್ಕೆ ಹುಲ್ಲುಗಾವಲಿನಲ್ಲಿ ಸಿಕ್ಕವು. ನಾಲ್ಕೈದು ಹಸುವಿನಿಂದ ದೊಡ್ಡ ಹಿಂಡೇ ಆಗಿತ್ತು. ಜೇಮ್ಸ್‌ಗೆ ಬೇಕಾಗಿದ್ದ ಗೊಬ್ಬರ ಇಷ್ಟೂ ವರ್ಷ ಅದೇ ಸೀಮೆಯಲ್ಲಿ ಯಾರಿಗೂ ಸಿಗದೆ ಬಿದ್ದಿತ್ತು.

ಉತ್ತ ಹಾಗೆ ಕಾಣ್ತಿದ್ದ ದಂಡೆ

1794ರ ಜನವರಿಯಲ್ಲಿ ರೂಸ್ ದಂಪತಿ ಹಾಕ್ಸ್‌ಬರಿ ನದಿಯ ದಂಡೆಗೆ ಹೋದರು. ಅಲ್ಲಿ ಬೇಸಾಯಕ್ಕೆ ಇಳಿದ ಮೊದಲ ಇಪ್ಪತ್ತು ಚಿಲ್ಲರೆ ಕುಟುಂಬಗಳಲ್ಲಿ ಇವರದ್ದೂ ಒಂದು. ಮೆಕ್ಕಲು ಮಣ್ಣು, ಗೊಬ್ಬರದ ಚಿಂತೆ ಇಲ್ಲ. ಆದರೆ ಆ ಮಣ್ಣು ಮೊದಲಿಂದಲೂ ಬೇರೆಯವರ ಊಟದ ತಟ್ಟೆ. ಇಲ್ಲಿಂದ ಖಾತೆಯ ಎರಡನೇ ಬಿಟ್ಟುಹೋದ ಎಂಟ್ರಿ ಶುರು.

ಸಿಡ್ನಿಯಿಂದ ಹಾಕ್ಸ್‌ಬರಿವರೆಗಿನ ಈ ಸೀಮೆ ದರುಗ್ ಜನರದ್ದು. ಪ್ಯಾರಮಟ್ಟಾ ಸುತ್ತ ಇದ್ದ ಕುಲದ ಹೆಸರು ಬುರಮಟ್ಟಗಲ್; ಊರಿನ ಹೆಸರು ಬಂದಿದ್ದೂ ಅವರಿಂದಲೇ. 1789ರ ಏಪ್ರಿಲ್‌ನಲ್ಲಿ ಸಿಡುಬು ಹರಡಿ ಸಿಡ್ನಿ ಸುತ್ತಲಿನ ಮೂಲನಿವಾಸಿಗಳಲ್ಲಿ ಲೆಕ್ಕವಿಲ್ಲದಷ್ಟು ಜನ ಸತ್ತರು. ಅದಾಗಿ ಏಳು ತಿಂಗಳಿಗೆ ಅವರ ನೆಲದಲ್ಲಿ ಎಕ್ಸ್‌ಪೆರಿಮೆಂಟ್ ಫಾರ್ಮ್ ಎದ್ದಿತು. ಫಿಲಿಪ್ ಕೊಟ್ಟ 30 ಎಕರೆಗೆ ಫಿಲಿಪ್ ಹತ್ತಿರ ಯಾವ ಕ್ರಯಪತ್ರವೂ ಇರಲಿಲ್ಲ. ದರುಗ್ ಜನರ ಜೊತೆ ಒಪ್ಪಂದ ಆಗಲಿಲ್ಲ, ಹಣ ಕೊಡಲಿಲ್ಲ, ಕೇಳಲೂ ಇಲ್ಲ.

ಹಾಕ್ಸ್‌ಬರಿಗೆ ದರುಗ್ ಭಾಷೆಯಲ್ಲಿ ‘ಡ್ಯಾರಬಿನ್’ ಅಂತಾರೆ. 1789ರಲ್ಲಿ ಗವರ್ನರ್ ಜೊತೆ ಆ ನದಿ ನೋಡೋಕೆ ಹೋಗಿದ್ದ ಕ್ಯಾಪ್ಟನ್ ಜಾನ್ ಹಂಟರ್ ಒಂದು ವಿಚಿತ್ರ ಗಮನಿಸಿದ. ನದಿಯ ದಂಡೆ ಯಾರೋ ಉತ್ತ ಹಾಗೆ ಅಗೆದು ಬಿದ್ದಿತ್ತು. ಹುಡುಕಿದರೆ ಸಿಕ್ಕಿದ್ದು ಕಾಡುಗೆಣಸು. ಅದನ್ನ ದರುಗ್ ಜನ, ಮುಖ್ಯವಾಗಿ ಹೆಂಗಸರು, ಅಗೆಕೋಲಿನಿಂದ ಕಿತ್ತು ತಿಂತಿದ್ದರು.

ಹೊಸ ರೈತರು ಜೋಳ ಬಿತ್ತೋಕೆ ಆರಿಸಿದ್ದು ಅದೇ ದಂಡೆಗಳನ್ನ, ಯಾಕೆಂದರೆ ಒಳ್ಳೇ ಮಣ್ಣು ಅಲ್ಲೇ ಇತ್ತು. ಗೆಣಸು ಹೋಯ್ತು, ಜೋಳ ಬಂತು. ತಮ್ಮ ನೆಲದಲ್ಲಿ ಗೆಣಸಿನ ಬದಲು ಬೆಳೆದಿದ್ದನ್ನ ದರುಗ್ ಜನ ಕೊಯ್ದುಕೊಂಡರು. ರೈತರ ಕಣ್ಣಿಗೆ ಅದು ಕಳ್ಳತನ. ಗುಂಡು ಹಾರಿತು, ಈಟಿ ಹಾರಿತು. 1795ರಲ್ಲಿ ಆಗ ಆಡಳಿತ ನಡೆಸ್ತಿದ್ದ ವಿಲಿಯಂ ಪ್ಯಾಟರ್ಸನ್ ಅರವತ್ತಕ್ಕೂ ಹೆಚ್ಚು ಸೈನಿಕರನ್ನ ಹಾಕ್ಸ್‌ಬರಿಗೆ ಕಳಿಸಿದ. ಸಿಕ್ಕಷ್ಟು ಜನರನ್ನ ಕೊಲ್ಲಬೇಕು, ಹೆಣಗಳನ್ನ ನೇಣುಗಂಬಕ್ಕೆ ತೂಗುಹಾಕಿ ಹೆದರಿಸಬೇಕು ಅನ್ನೋದು ಆದೇಶ. ಇದನ್ನ ಬರೆದಿಟ್ಟಿದ್ದು ಯಾರು ಗೊತ್ತಾ? ಅದೇ ಕಾಲಿನ್ಸ್. ಹೆಂಗಸರನ್ನ ಸರಕು ಅಂತ ಲೆಕ್ಕ ಹಾಕಿದ ಮನುಷ್ಯ. ಜಗಳದ ಮೂಲ ಜೋಳದ ಹೊಲ.

ಒಬ್ಬ ಹಸಿದ ಕೈದಿ, ಒಬ್ಬಳು ಗಡೀಪಾರಾದ ಹೆಂಗಸು, ಇಬ್ಬರೂ ತಾವಾಗಿ ಆ ದೇಶ ಆರಿಸಿಕೊಂಡವರಲ್ಲ. ಹೊಟ್ಟೆಗಾಗಿ ನೆಲ ಅಗೆದರು. ಆದರೆ ಅವರು ಅಗೆದ ಪ್ರತಿ ಎಕರೆಯೂ ಇನ್ನೊಬ್ಬರ ಹೊಟ್ಟೆಯಿಂದ ಕಳೆದ ಎಕರೆ. ಈ ಎರಡು ಸತ್ಯಗಳಲ್ಲಿ ಒಂದನ್ನ ಹಿಡಿದು ಇನ್ನೊಂದನ್ನ ಬಿಟ್ಟರೆ ಖಾತೆ ತಾಳೆ ಆಗಲ್ಲ.

ಕೊನೆಗೆ ಕೈಯಲ್ಲಿ ಉಳಿದಿದ್ದು

ಹಾಕ್ಸ್‌ಬರಿ ನದಿ ಮಣ್ಣು ಕೊಟ್ಟ ಹಾಗೇ ಪ್ರವಾಹವನ್ನೂ ಕೊಡ್ತಿತ್ತು. 1799, 1806, 1809, ಒಂದರ ಹಿಂದೆ ಒಂದು. 1806ರ ಮಾರ್ಚ್‌ನ ಪ್ರವಾಹದಲ್ಲಿ ರೈತರ ಬೆಳೆ, ಬಣವೆ, ಹಂದಿ, ಮನೆ ಎಲ್ಲ ಕೊಚ್ಚಿಹೋಗಿ ಇಡೀ ವಸಾಹತಿನಲ್ಲಿ ಬ್ರೆಡ್ಡಿನ ಬೆಲೆ ಗಗನಕ್ಕೇರಿತು. ರೂಸ್ ಕುಟುಂಬ ಸಾಲಕ್ಕೆ ಬಿತ್ತು, ಜಮೀನು ಕೈಬದಲಾಯ್ತು. ಜೇಮ್ಸ್ ಒಂದಷ್ಟು ಕಾಲ ಹಡಗಿನ ಕೆಲಸಕ್ಕೂ ಹೋದ.

1810ರಲ್ಲಿ ಹೊಸ ಗವರ್ನರ್ ಬಂದ, ಲಾಕ್ಲನ್ ಮ್ಯಾಕ್ವಾರಿ. ಈ ಹೆಸರಿಗೆ ನಮ್ಮ ಕಡೆಯ ನಂಟಿದೆ. 1792ರಲ್ಲೂ 1799ರಲ್ಲೂ ಟಿಪ್ಪುವಿನ ವಿರುದ್ಧ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಬ್ರಿಟಿಷರ ಕಡೆ ಇದ್ದ ಅಧಿಕಾರಿ ಈತ. ಶಿಕ್ಷೆ ಮುಗಿಸಿದ ಕೈದಿಯನ್ನ ಉಳಿದವರ ಸಮಾನವಾಗಿ ನೋಡಬೇಕು ಅನ್ನೋದು ಆಸ್ಟ್ರೇಲಿಯಾದಲ್ಲಿ ಅವನ ನೀತಿ. ಅವನ ಕಾಲದಲ್ಲಿ ಎಷ್ಟೋ ಮಾಜಿ ಕೈದಿಗಳು ಮೇಲೆ ಬಂದರು. ರೂಸ್ ದಂಪತಿಗೆ ಆ ಅದೃಷ್ಟ ಇರಲಿಲ್ಲ.

1828ರ ಜನಗಣತಿಯಲ್ಲಿ ಜೇಮ್ಸ್ ಮಿಂಟೋ ಅನ್ನೋ ಕಡೆ ಕ್ಯಾಪ್ಟನ್ ಬ್ರೂಕ್ಸ್ ಎಂಬ ಜಮೀನ್ದಾರನ ಹೊಲದಲ್ಲಿ ಮೇಸ್ತ್ರಿ. ವಸಾಹತಿನ ಮೊದಲ ಭೂಮಂಜೂರಾತಿ ಪಡೆದವನು ವಯಸ್ಸಾದ ಕಾಲಕ್ಕೆ ಇನ್ನೊಬ್ಬರ ಜಮೀನಿನಲ್ಲಿ ಸಂಬಳದ ಆಳು. 1836ರ ಮೇ ತಿಂಗಳಲ್ಲಿ ಎಲಿಜಬೆತ್ ತೀರಿಕೊಂಡಳು. ಅದರ ಮರುವರ್ಷ, 1837ರ ಸೆಪ್ಟೆಂಬರ್ 5ರಂದು ಜೇಮ್ಸ್ ಸತ್ತ. ತಾರೀಖು ಗಮನಿಸಿದ್ರಾ? ಅವರ ಮದುವೆ ಆದ ದಿನವೇ, 47 ವರ್ಷದ ಮೇಲೆ.

ಅವನನ್ನ ಹೂತಿದ್ದು ಸಿಡ್ನಿಯ ದಕ್ಷಿಣಕ್ಕಿರೋ ಕ್ಯಾಂಬೆಲ್‌ಟೌನ್‌ನ ಸೇಂಟ್ ಜಾನ್ಸ್ ಕ್ಯಾಥೊಲಿಕ್ ಸ್ಮಶಾನದಲ್ಲಿ. ಸಮಾಧಿಯ ಕಲ್ಲಿನ ಬರಹ ಆಸ್ಟ್ರೇಲಿಯಾದಲ್ಲಿ ಪ್ರಸಿದ್ಧ. ಮಾತಾಡಿದ ಹಾಗೇ ಬರೆದ ಇಂಗ್ಲಿಷ್, ಕಾಗುಣಿತ ಪೂರ್ತಿ ತನ್ನದೇ. ಫಸ್ಟ್ ಫ್ಲೀಟ್‌ನಲ್ಲಿ ಬಂದಿದ್ದು ಅದರಲ್ಲಿದೆ. ಅಮ್ಮ ಕಷ್ಟಪಟ್ಟು ಅಕ್ಕರೆಯಿಂದ ಸಾಕಿದ್ದು ಇದೆ. ಈ ವಸಾಹತಿನಲ್ಲಿ ಮೊದಲ ಕಾಳು ಬಿತ್ತಿದವನು ತಾನು ಅಂತ ಇದೆ. ದೇವರ ಹತ್ತಿರ ಇರೋ ಆಸೆ ಇದೆ.

ಎಲಿಜಬೆತ್ ಹೆಸರಿಲ್ಲ. 45 ವರ್ಷ ಜೊತೆಗಿದ್ದು, ಆ ಮೊದಲ ಹೊಲದಲ್ಲಿ ಸಹಾಯಕ್ಕೆ ಬೇರೆ ಯಾರೂ ಇಲ್ಲದಾಗ ನೆಲ ಅಗೆದವಳು ಆ ಕಲ್ಲಿನಲ್ಲಿ ಇಲ್ಲ. ನದಿ ದಂಡೆಯಲ್ಲಿ ಗೆಣಸು ಅಗೆಯುತ್ತಿದ್ದ ದರುಗ್ ಹೆಂಗಸರಂತೂ ಇಲ್ಲವೇ ಇಲ್ಲ. ವಿಚಿತ್ರ ನೋಡಿ: ಹಡಗಿನಲ್ಲಿ ಬಂದವರ ಕಡೆ ಆಗಲಿ, ನೆಲದ ಮೂಲದವರ ಕಡೆ ಆಗಲಿ, ಬಗ್ಗಿ ಮಣ್ಣು ಅಗೆದ ಹೆಣ್ಣಿನ ಕೆಲಸವೇ ಲೆಕ್ಕಕ್ಕೆ ಬರದೆ ಹೋಗಿದ್ದು.

ಜೇಮ್ಸ್ ಸುಳ್ಳು ಹೇಳಿದ ಅಂತ ನನಗೆ ಅನ್ನಿಸಲ್ಲ. ಎಲ್ಲ ಕಳೆದುಕೊಂಡ ಮುದುಕನಿಗೆ ಉಳಿದಿದ್ದ ಒಂದೇ ಆಸ್ತಿ ಆ ‘ಮೊದಲು’ ಅನ್ನೋ ಮಾತು. ಅದನ್ನ ಅವನು ಕಲ್ಲಿಗೆ ಹಾಕಿಕೊಂಡ. ತೊಂದರೆ ಇರೋದು ಆಮೇಲಿನವರದ್ದು. ಶಾಲೆ, ರಸ್ತೆ, ಬಡಾವಣೆ, ಪುಸ್ತಕ ಎಲ್ಲದರಲ್ಲೂ ಆ ಒಂದೇ ಕಲ್ಲನ್ನ ನೋಡಿ ಇತಿಹಾಸ ನಕಲು ಮಾಡಿಕೊಂಡರು. ಒಬ್ಬನ ಖಾತೆ ಇಡೀ ಊರಿನ ಖಾತೆ ಆಗಿಹೋಯ್ತು.

ನಿಮ್ಮ ಮನೆಯಲ್ಲಿ ಜಮೀನು ಇದ್ದರೆ ಒಂದು ಸಲ ಪಹಣಿ ತೆಗೆದು ನೋಡಿ. ಯಾರ ಹೆಸರಿದೆ? ಕಳೆ ಕಿತ್ತೋರು, ನಾಟಿ ಹಾಕಿದೋರು ಯಾರು? ಅವರ ಹೆಸರು ಎಲ್ಲಾದರೂ ಬರೆದಿದೆಯಾ? ಇಲ್ಲದಿದ್ದರೆ ಅಜ್ಜಿಯ ಹತ್ತಿರ ಕೂತು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಟೆಂಚ್ ಜೇಮ್ಸ್‌ನನ್ನ ಕೇಳಿದ ಪ್ರಶ್ನೆಗಳನ್ನೇ ಕೇಳಿ: ದಿನಕ್ಕೆ ಎಷ್ಟು ಅಗೀತಿದ್ರಿ, ಏನು ಬಿತ್ತಿದ್ರಿ, ಗೊಬ್ಬರ ಎಲ್ಲಿಂದ ತರ್ತಿದ್ರಿ, ರಾತ್ರಿ ಕಾವಲು ಯಾರು ಕಾಯ್ತಿದ್ರು? ಎಲಿಜಬೆತ್‌ಗೆ ಈ ಪ್ರಶ್ನೆ ಕೇಳಿ ಯಾರೂ ಬರೆದಿಡಲಿಲ್ಲ.

ಇವತ್ತಿಗೆ ಇಷ್ಟು. ಸಿಡ್ನಿಯಲ್ಲಿರೋ ನಿಮ್ಮವರಿಗೆ ಈ ಎಪಿಸೋಡ್ ಫಾರ್ವರ್ಡ್ ಮಾಡಿ, ಮುಂದಿನ ಸಲ ಹ್ಯಾರಿಸ್ ಪಾರ್ಕ್‌ಗೆ ಊಟಕ್ಕೆ ಹೋದಾಗ ರೂಸ್ ಸ್ಟ್ರೀಟ್‌ವರೆಗೂ ಒಂದು ಸುತ್ತು ಹಾಕೋಕೆ ಹೇಳಿ. ಮುಂದಿನ ವಾರ ಸಿಗೋಣ. ನಮಸ್ಕಾರ.